ಬಾಲ್ಕನಿ ಕಾಯುವ ಇಂಜಿನಿಯರಮ್ಮನ ಹೊಟ್ಟೆಯುರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೇಟಿನ ಹೊರಗೆ ಕಾಂಕ್ರೀಟ್ ಲಾರಿ ತನ್ನ ದೊಡ್ಡ ಹೊಟ್ಟೆ ತಿರುಗಿಸುತ್ತ ನಿಂತಿದೆ. ಮೂರನೇ ಮಹಡಿಯಲ್ಲಿ, ಸೆಂಟ್ರಿಂಗ್ ಹಲಗೆಗಳ ಮೇಲೆ ಹೆಣೆದ ಕಂಬಿಗಳ ತುದಿಯಲ್ಲಿ, ಬಿಳಿ ಹೆಲ್ಮೆಟ್ಟಿನ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತು ಬಾಲ್ಕನಿಯ ಕಂಬಿಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ನೋಡುತ್ತಿದ್ದಾರೆ. ಒತ್ತಿದ್ದು ಕೆಳಗೆ ಹೋದರೆ ಅದರಡಿ ಇನ್ನೊಂದು ಬಗ್ಗಿಸಿದ ಕಂಬಿತುಂಡು ಇಡಿಸುತ್ತಾರೆ. ಅಲ್ಲಾಡದಿದ್ದರೆ ಮುಂದಿನದಕ್ಕೆ ಸರಿಯುತ್ತಾರೆ. ಅಷ್ಟರಲ್ಲಿ ಕಾಂಕ್ರೀಟ್ ಪಂಪಿನ ಪೈಪು ಹೊತ್ತವನೊಬ್ಬ ಅಡ್ಡದಾರಿ ಹಿಡಿದು ಬಾಲ್ಕನಿಯ ಕಡೆಗೆ ಹೆಜ್ಜೆ ಎತ್ತುತ್ತಾನೆ.

"ಕಾಲು!"

ಈ ಒಂದು ಮಾತು ಪಕ್ಕದ ಬೀದಿಗೂ ಕೇಳಿಸಿರಬೇಕು. ಅವನು ನಾಲಗೆ ಕಚ್ಚಿಕೊಂಡು, ಓಡಾಡಲೆಂದು ಕಂಬಿಗಳ ಮೇಲೆ ಹಾಸಿದ ಹಲಗೆಯ ದಾರಿ ಹಿಡಿಯುತ್ತಾನೆ. ಸೈಟಿನಲ್ಲಿ ಇವರಿಗೆ ಕಾಲು ಮೇಡಂ ಎಂದೇ ಹೆಸರು. ಸಂಬಳದ ದಿನ ಬಿಟ್ಟರೆ ನಿಜವಾದ ಹೆಸರು ಯಾರಿಗೂ ಬೇಕಾಗಿಲ್ಲ.

ಬಾಲ್ಕನಿ ಅಂದರೆ ಒಂದೇ ಕಡೆ ಹಿಡಿತ, ಉಳಿದ ಕಡೆಯೆಲ್ಲ ಬರೀ ಗಾಳಿ. ಅದನ್ನು ಮನೆಯ ಕಡೆಗೆ ಎಳೆದು ಹಿಡಿಯುವ ಕಂಬಿ ಮೇಲ್ಭಾಗದಲ್ಲೇ ಇರಬೇಕು. ಕಾಂಕ್ರೀಟ್ ಸುರಿಯುವ ಗಡಿಬಿಡಿಯಲ್ಲಿ ನಾಲ್ಕು ಜನ ಅದರ ಮೇಲೆ ಓಡಾಡಿದರೆ ಸಾಕು, ಅದು ತಳಕ್ಕೆ ಇಳಿದುಬಿಡುತ್ತದೆ. ಮೇಲೆ ಕಾಂಕ್ರೀಟ್ ಮುಚ್ಚಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕೆಳಗಿನ ಆಸರೆ ಬಿಚ್ಚಿದ ದಿನ, ಇಲ್ಲವೇ ಮನೆಮಂದಿಯೆಲ್ಲ ಅಲ್ಲಿ ನಿಂತು ಗಾಳಿ ತಗೊಳ್ಳುವ ದಿನ. ಆದ್ದರಿಂದ ಕಾಂಕ್ರೀಟ್ ಹಾಕುವ ದಿನ ಕಾಲು ಮೇಡಂ ಬಾಲ್ಕನಿ ಬಿಟ್ಟು ಕದಲುವುದಿಲ್ಲ. ನೀರು ಕುಡಿಯುವುದೂ ಅಳೆದು, ಕೆಳಗೆ ಇಳಿಯಬೇಕಾಗಬಾರದಲ್ಲ.

"ನಾಲ್ಕು ವರ್ಷ ಸಿವಿಲ್ ಓದಿ ಕೊನೆಗೆ ಬಂದಿದ್ದು ಊರವರ ಕಾಲು ಕಾಯೋಕೆ," ಎಂದು ನಗುತ್ತಾರೆ. ಆ ನಗುವಿನಲ್ಲಿ ಅರ್ಧ ಮಾತ್ರ ನಗು.

ತನ್ನ ಬಗ್ಗೆ ಬರೆಯಲು ಬಂದವರಿಗೆ ಅವರು ಮೊದಲೇ ಒಂದು ಕರಾರು ಹಾಕಿದ್ದಾರೆ. ತ್ಯಾಗ, ಸೇವೆ, ಸಾಧನೆ ಅಂತೆಲ್ಲ ಬಣ್ಣ ಹಚ್ಚಬಾರದು. "ಹೊಟ್ಟೆಕಿಚ್ಚಿನ ಹೆಂಗಸು ಅಂತ ಬರೀರಿ. ಅದೊಂದು ನಿಜ."

ಕಿಚ್ಚು ಯಾರ ಮೇಲೆ ಎಂದರೆ ಅವರಿಗೆ ಮುಚ್ಚುಮರೆ ಇಲ್ಲ. ಅಪರೂಪಕ್ಕೊಮ್ಮೆ ಬಂದು ಗಾಳಿಯಲ್ಲಿ ಕೈಯಾಡಿಸಿ, ಶೂಗೆ ಧೂಳು ತಾಗುವ ಮೊದಲೇ ಹೊರಟುಬಿಡುವ ಆರ್ಕಿಟೆಕ್ಟ್ ಮೇಲಿದೆ. ಮಾಲೀಕ ಕಾರಿನಿಂದ ಇಳಿದ ಕೂಡಲೇ ಇವರನ್ನು ದಾಟಿಕೊಂಡು ಹೋಗಿ ಮಾತಾಡಿಸುವ ಮೇಸ್ತ್ರಿಯ ಮೇಲಿದೆ. ಆದರೆ ಇವೆಲ್ಲ ಚಿಲ್ಲರೆ. ಅವರ ಹೊಟ್ಟೆಯೊಳಗೆ ಕಾಯಂ ಒಲೆ ಹೂಡಿ ಕೂತಿರುವವನು ಒಡಹುಟ್ಟಿದ ತಮ್ಮ, ಟೈಲ್ಸ್ ಹಾಕುವವನು.

ಇಬ್ಬರೂ ಬೆಳೆದದ್ದು ಬಸ್ ಡಿಪೋದ ಹಿಂದಿನ ಎರಡು ಕೋಣೆಯ ಮನೆಯಲ್ಲಿ. ಅಪ್ಪ ಡಿಪೋದಲ್ಲಿ ಮೆಕ್ಯಾನಿಕ್. ಮಗಳು ಲೆಕ್ಕದಲ್ಲಿ ಚುರುಕು, ಸಿವಿಲ್ ಸೀಟು ಸಿಕ್ಕಿತು. ಅಪ್ಪ ಮುದಿಗಾಲಕ್ಕೆಂದು ಇಟ್ಟಿದ್ದ ಹಣ ತೆಗೆದು, ಸಾಲದ್ದಕ್ಕೆ ರಜೆಯ ದಿನ ಬೇರೆಯವರ ಗಾಡಿ ರಿಪೇರಿ ಮಾಡಿ ಫೀಸು ಕಟ್ಟಿದರು. ಮಗನಿಗೆ ಪುಸ್ತಕ ಕಂಡರೆ ನಿದ್ದೆ. ಶಾಲೆ ಮುಗಿಯುವ ಮೊದಲೇ ಟೈಲ್ಸ್ ಕೆಲಸದವರ ಬೆನ್ನು ಹತ್ತಿದ. ಅಕ್ಕನ ಓದಿಗಾಗಿ ತನ್ನ ಓದು ಬಿಟ್ಟ ತಮ್ಮನ ಕಥೆ ಇದಲ್ಲ. "ಹಾಗಿದ್ದಿದ್ರೆ ಎಷ್ಟೋ ವಾಸಿ ಇತ್ತು," ಎನ್ನುತ್ತಾರೆ ಅಕ್ಕ. "ಅವನ ಋಣ ಅಂದ್ಕೊಂಡು ಬಾಯಿ ಮುಚ್ಕೊಂಡಿರ್ತಿದ್ದೆ. ಅವನು ಖುಷಿಯಾಗಿ ಬಿಟ್ಟ, ಖುಷಿಯಾಗೇ ದುಡೀತಿದಾನೆ. ಉರ್ಕೊಳ್ಳೋಕೆ ನನಗೊಂದು ನೆಪಾನೂ ಇಲ್ಲ."

ಡಿಗ್ರಿ ಕೈಗೆ ಬಂದ ವರ್ಷ ಅಕ್ಕನಿಗೆ ಸಿಕ್ಕ ಮೊದಲ ಸಂಬಳ ತಮ್ಮನ ಹೆಲ್ಪರ್ ಕೂಲಿಗಿಂತ ಕಮ್ಮಿ. ಕಲಿಯುವವರಿಗೆ ಇಷ್ಟೇ, ಮುಂದೆ ಏರುತ್ತದೆ ಎಂದರು. ಏರಿತು, ಆದರೆ ಮುದುಕಿ ಮೆಟ್ಟಿಲು ಹತ್ತಿದ ಹಾಗೆ. ನಡುವೆ ಎರಡು ಕಂಪನಿಗಳು ಕೊನೆಯ ತಿಂಗಳುಗಳ ಸಂಬಳ ನುಂಗಿ ಬಾಗಿಲು ಹಾಕಿಕೊಂಡವು. ಇವತ್ತಿಗೂ ಅಕ್ಕನ ತಿಂಗಳ ಸಂಬಳವನ್ನು ಅರ್ಧ ತಿಂಗಳಲ್ಲಿ ತಮ್ಮ ದುಡಿಯುತ್ತಾನೆ. ಅವನಿಗೆ ವ್ಯಾನಿದೆ, ಇವರಿಗೆ ಬಸ್ ಪಾಸು. ಅವನು ನೆಲದ ಮೇಲೆ ಮಂಡಿಯೂರಿ ಊರಿ ಮಂಡಿ ಸವೆಸಿಕೊಂಡಿದ್ದಾನೆ, ನಿಜ. ಆದರೆ ಅದರಲ್ಲೂ ಅನ್ಯಾಯ ಕಾಣುತ್ತದೆ ಅಕ್ಕನಿಗೆ. ಬಂಧುಬಳಗವೆಲ್ಲ ಅವನ ಮಂಡಿನೋವು ವಿಚಾರಿಸುತ್ತದೆ. ಕೂಗಿ ಕೂಗಿ ಬಿದ್ದುಹೋದ ಇವರ ಗಂಟಲು ಯಾರ ಕಿವಿಗೂ ಬಿದ್ದಿಲ್ಲ.

ಒಮ್ಮೆ ಇಬ್ಬರೂ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದ್ದರು. ಅಕ್ಕ ತಾರಸಿ ಹಾಕಿಸಿ ಹೋದ ಮೇಲೆ ತಮ್ಮ ಬಂದು ನೆಲ ಹಾಸಿದ. ಕೆಲಸ ಮುಗಿದಾಗ ಮಾಲೀಕ ಎಲ್ಲರನ್ನೂ ಊಟಕ್ಕೆ ಕರೆದ. ಬಂದ ನೆಂಟರೆಲ್ಲ ತಲೆ ತಗ್ಗಿಸಿ ನೆಲ ನೋಡಿದ್ದೇ ನೋಡಿದ್ದು, ಎರಡು ಟೈಲ್ಸ್ ನಡುವಿನ ಗೆರೆ ಕಾಣುವುದೇ ಇಲ್ಲ ಎಂದು ಹೊಗಳಿದ್ದೇ ಹೊಗಳಿದ್ದು. ತಮ್ಮನಿಗೆ ಕುರ್ಚಿ ಹಾಕಿ ಕೂರಿಸಿದರು. ತಟ್ಟೆ ಹಿಡಿದುಕೊಂಡು ಅಕ್ಕ ಬಾಲ್ಕನಿಗೆ ಹೋಗಿ ನಿಂತರು. ಅಲ್ಲಿ ಹತ್ತು ಹನ್ನೆರಡು ಜನ ಒತ್ತಾಗಿ ನಿಂತು ಹರಟುತ್ತಿದ್ದರು, ಬಾಲ್ಕನಿ ತುಸುವೂ ಅಲುಗುತ್ತಿರಲಿಲ್ಲ. ಅಲುಗದೇ ಇರುವುದಕ್ಕೆ ಯಾರೂ ಯಾರನ್ನೂ ಹೊಗಳುವುದಿಲ್ಲ.

ಇಷ್ಟೆಲ್ಲ ಹೇಳಿಕೊಳ್ಳುವುದಕ್ಕೆ ಇವತ್ತೇ ಕಾರಣವೂ ಇದೆ. ತಮ್ಮನ ಮಗಳಿಗೆ ಸಿವಿಲ್ ಸೀಟು ಸಿಕ್ಕಿದೆ. ಫೀಸು ಕಟ್ಟಲು ಇವತ್ತು ಸಂಜೆಯೇ ಕೊನೆ. ಸ್ವಂತ ಟೈಲ್ಸ್ ಅಂಗಡಿ ಇಡಬೇಕೆಂದು ತಮ್ಮ ಕೂಡಿಟ್ಟ ಹಣ ಆ ಓದಿಗೆ ಹೋಗುತ್ತದೆ. ಮಂಡಿ ಪೂರ್ತಿ ಕೈಕೊಡುವ ಮೊದಲು ಕೂತು ದುಡಿಯುವ ದಾರಿ ಅವನಿಗೆ ಅದೊಂದೇ. ಅವನು ವಾರದ ಹಿಂದೆಯೇ ಅಕ್ಕನ ಮನೆಗೆ ಬಂದು ತೀರ್ಮಾನ ಅವರ ತಲೆಗೆ ಕಟ್ಟಿ ಹೋಗಿದ್ದಾನೆ. ಓದಿದವಳು ನೀನು, ಅದರಿಂದ ಎಷ್ಟು ಬಂತು ಎಷ್ಟು ಹೋಯಿತು ಅಂತ ಗೊತ್ತಿರುವವಳೂ ನೀನೇ, ನೀನು ಹೂಂ ಅಂದರೆ ಕಟ್ಟುತ್ತೇನೆ, ಬೇಡ ಅಂದರೆ ಇಲ್ಲ, ಎಂದಿದ್ದಾನೆ.

ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಇದೇ ಹಲಗೆಯ ಮೇಲೆ ಕೂತು ಅವರು ಲೆಕ್ಕ ಹಾಕಿದ್ದಾರೆ. ನಾಲ್ಕು ವರ್ಷದ ಫೀಸು, ಹಾಸ್ಟೆಲ್, ಆ ನಾಲ್ಕು ವರ್ಷ ಏನೂ ದುಡಿಯದ ನಷ್ಟ, ಆಮೇಲಿನ ಅರೆಹೊಟ್ಟೆ ಸಂಬಳ. ಹೇಗೆ ಕೂಡಿಸಿದರೂ ಬೇಡ ಅಂತಲೇ ಬರುತ್ತದೆ. ಅಲ್ಲೇ ಅವರಿಗೆ ತನ್ನ ಮೇಲೇ ಅನುಮಾನ ಬರುವುದು. ಅಪ್ಪ ಮೂರು ಕಂತು ಮಾಡಿ, ಕಾಲೇಜು ಆಫೀಸಿನ ಬಾಗಿಲಲ್ಲಿ ಗಂಟೆಗಟ್ಟಲೆ ನಿಂತು ಕಟ್ಟಿದ ಫೀಸನ್ನು ತಮ್ಮ ಒಂದೇ ಏಟಿಗೆ ಕಟ್ಟುತ್ತಾನೆ. ಅವನ ಮಗಳು ಹೊಸ ಬ್ಯಾಗು ಹೆಗಲಿಗೇರಿಸಿ ಹೋಗುತ್ತಾಳೆ. ದುಡ್ಡೂ ಅವನ ಮನೆಯಲ್ಲಿ, ಡಿಗ್ರಿಯೂ ಅವನ ಮನೆಯಲ್ಲಿ ಎಂದಾದರೆ ತನ್ನ ಪಾಲಿಗೆ ಉಳಿಯುವುದೇನು? "ಲೆಕ್ಕ ಹಾಕ್ತಿರೋದು ನಾನೋ, ನನ್ನ ಹೊಟ್ಟೆಕಿಚ್ಚೋ, ಅದೇ ಗೊತ್ತಾಗ್ತಿಲ್ಲ," ಎಂದು ದನಿ ತಗ್ಗಿಸುತ್ತಾರೆ.

ಚಹಾದ ಹೊತ್ತಿಗೆ ಆ ಹುಡುಗಿಯೇ ಬರುತ್ತಾಳೆ. ಅತ್ತೆಯ ಕೆಲಸ ಒಮ್ಮೆ ಕಣ್ಣಾರೆ ನೋಡಿ ಬಾ ಎಂದು ಅಪ್ಪನೇ ಕಳಿಸಿದ್ದಾನೆ. ಹೆಲ್ಮೆಟ್ ಅವಳ ಕಿವಿಯವರೆಗೂ ಇಳಿಯುತ್ತದೆ. ಬಂದವಳೇ ಬಾಲ್ಕನಿಯ ಅಂಚಿಗೆ ಹೋಗಿ ಕೆಳಗೆ ಬಗ್ಗಿ ನೋಡಲು ಕಂಬಿಯ ಮೇಲೇ ಕಾಲಿಡುತ್ತಾಳೆ, ಅತ್ತೆಯಿಂದ ಎಲ್ಲರ ಎದುರು ಬೈಸಿಕೊಳ್ಳುತ್ತಾಳೆ. ಮುಖ ಸಣ್ಣದು ಮಾಡಿಕೊಂಡರೂ ಅಲ್ಲಿಂದ ಹೋಗುವುದಿಲ್ಲ. ಕಂಬಿ ಮೇಲೇ ಯಾಕಿರಬೇಕು, ಇಳಿದರೆ ಏನಾಗುತ್ತದೆ ಎಂದು ಕೇಳಿ ಕೇಳಿ ತಿಳಿದುಕೊಳ್ಳುತ್ತಾಳೆ.

ಕಾಂಕ್ರೀಟ್ ಬಾಲ್ಕನಿಯ ಹತ್ತಿರ ಬರುತ್ತಿರುವಾಗಲೇ ತಮ್ಮನ ಫೋನು. ಈ ಹೊತ್ತಿನಲ್ಲಿ ಅವರು ಯಾರ ಫೋನೂ ಎತ್ತುವವರಲ್ಲ. ಇವತ್ತು ಎತ್ತುತ್ತಾರೆ. ಗದ್ದಲದಲ್ಲಿ ಕೇಳಿಸದೆ ಒಂದು ಕಿವಿ ಮುಚ್ಚಿಕೊಂಡು, ಬಾಲ್ಕನಿಗೆ ಬೆನ್ನು ಹಾಕಿ ಕಂಬದ ಮರೆಗೆ ಸರಿಯುತ್ತಾರೆ. ಇಷ್ಟು ವರ್ಷದಲ್ಲಿ ಮೊದಲ ಸಲ ಇರಬೇಕು. ಬ್ಯಾಂಕಿನ ಬಾಗಿಲಲ್ಲಿ ತಮ್ಮ ನಿಂತಿದ್ದಾನೆ, ಏನು ಮಾಡಲಿ ಎಂದು ಕೇಳುತ್ತಿದ್ದಾನೆ. "ನೋಡು, ನನ್ನ ಕೇಳಿದ್ರೆ ಬೇ..." ಎಂದು ಶುರು ಮಾಡುತ್ತಾರೆ.

ಹಿಂದಿನಿಂದ ಒಂದು ಎಳೆ ದನಿ. "ಕಾಲು! ಅಣ್ಣ, ಕಾಲು ತೆಗೀರಿ! ಹಲಗೆ ಮೇಲೆ ಬನ್ನಿ!"

ಅತ್ತೆ ಗಿರಕ್ಕನೆ ತಿರುಗುತ್ತಾರೆ. ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಹಿಡಿದವನೂ ಅವನ ಹಿಂದಿನವನೂ ಬಾಲ್ಕನಿಯ ಕಂಬಿ ತುಳಿದಿದ್ದಾರೆ. ಇಬ್ಬರ ಎದುರು, ಎರಡೂ ಕೈ ಅಗಲಿಸಿ, ಸಡಿಲ ಹೆಲ್ಮೆಟ್ಟಿನ ಹುಡುಗಿ ನಿಂತಿದ್ದಾಳೆ. ಇಬ್ಬರೂ ಮರುಮಾತಿಲ್ಲದೆ ಹಲಗೆಗೆ ಹತ್ತುತ್ತಾರೆ. ಹೋಗುತ್ತ, ತಪ್ಪಾಯಿತು ಮೇಡಂ ಎಂದೂ ಅನ್ನುತ್ತಾರೆ.

ಆ ಮೇಡಂ ಎಂಬ ಮಾತು ಅತ್ತೆಗೆ ಕಾದ ಎಣ್ಣೆ ಸಿಡಿದಂತೆ ತಾಗುತ್ತದೆ. ತನ್ನ ಒಂದು ಮಾತಿಗೆ ಜನ ಕಾಲು ತೆಗೆಯಬೇಕಾದರೆ ವರ್ಷಗಳೇ ಹಿಡಿದಿದ್ದವು. ಮೊದಮೊದಲು ನಗುತ್ತಿದ್ದರು, ಮೇಸ್ತ್ರಿಯನ್ನು ಕೇಳಿ ಅನ್ನುತ್ತಿದ್ದರು. ಇವಳು ಬಂದು ಇನ್ನೂ ಚಹಾದ ಲೋಟ ಆರಿಲ್ಲ.

ಅವರು ಪಂಪು ನಿಲ್ಲಿಸಲು ಕೈ ಎತ್ತುತ್ತಾರೆ. ಫೋನನ್ನು ಹುಡುಗಿಯ ಕೈಗೆ ತುರುಕಿ, ಕುಕ್ಕರಿಸಿ ಕೂತು, ತುಳಿದ ಜಾಗದ ಕಂಬಿಗಳನ್ನೆಲ್ಲ ಒತ್ತಿ ನೋಡುತ್ತಾರೆ. ನಾಲ್ಕು ಇಳಿದಿವೆ. ಎತ್ತಿಸಿ, ಅಡಿಯಲ್ಲಿ ಆಸರೆ ಕೊಡಿಸಿ, ತಂತಿ ಬಿಗಿಸುತ್ತಾರೆ. ಲಾರಿಯವನು ಕೆಳಗಿನಿಂದ ಹಾರ್ನ್ ಹೊಡೆಯುತ್ತಾನೆ, ಮೇಸ್ತ್ರಿ ಗೊಣಗುತ್ತಾನೆ. ತನ್ನ ತಪ್ಪು ತಾನೇ ಸರಿಮಾಡಿ ಎದ್ದಾಗ ಮುಖವೆಲ್ಲ ಬೆವರು. ಪಂಪು ಮತ್ತೆ ಶುರುವಾಗುತ್ತದೆ.

ಹುಡುಗಿಯ ಕೈಯಿಂದ ಫೋನು ವಾಪಸು ತೆಗೆದುಕೊಂಡರೆ ತಮ್ಮ ಇನ್ನೂ ಇಟ್ಟಿಲ್ಲ. "ಅಕ್ಕಾ, ಏನೋ ಅಂತಿದ್ದೆ. ಬೇಡ ಅಂದ್ಯಾ?"

ಅಕ್ಕ ಹುಡುಗಿಯ ಕಡೆ ನೋಡುತ್ತಾರೆ. ಅವಳು ಆಗಲೇ ಹಲಗೆಯ ಮೇಲೆ, ಅವರದೇ ಜಾಗದಲ್ಲಿ ನಿಂತು, ಜನರ ಮುಖ ಬಿಟ್ಟು ಕಾಲು ನೋಡುತ್ತಿದ್ದಾಳೆ.

"ಕಟ್ಟು," ಎನ್ನುತ್ತಾರೆ. "ದುಡ್ಡಿನ ಲೆಕ್ಕ ಹಾಕಿದ್ರೆ ಬೇಡ ಅಂತಾನೇ ಬರುತ್ತೆ, ಅದನ್ನ ಅವಳಿಗೂ ಬಿಡಿಸಿ ಹೇಳು, ಮುಚ್ಚಿಡಬೇಡ. ಆದ್ರೆ ಈಗ ಅವಳು ನನ್ನ ಜಾಗದಲ್ಲಿ ನಿಂತಿದ್ದಾಳೆ ಕಣೋ, ನೋಡಿ ಹೊಟ್ಟೆ ಉರೀತು. ನಿನ್ನ ವ್ಯಾನು ಕಂಡಾಗಲೂ ಹಿಂಗೆ ಉರಿದಿರಲಿಲ್ಲ. ಇಷ್ಟು ದಿನ ಈ ಕೆಲಸ ಯಾರಿಗಾದ್ರೂ ಬೇಕಾದ್ರೆ ತಗೊಳ್ಳಲಿ ಅಂತಿದ್ದೆ. ಅವಳು ತಗೊಂಡಾಗ ಗೊತ್ತಾಯ್ತು, ಬಿಟ್ಟುಕೊಡೋಕೆ ನನಗೆ ಮನಸ್ಸಿಲ್ಲ. ಅಂದ್ರೆ ಇದು ಬೆಲೆ ಇರೋ ಕೆಲಸಾನೇ."

ನಿಮ್ಮದೇನಾದರೂ ಆಸೆ ಇದೆಯೇ ಎಂದು ಕೊನೆಗೆ ಕೇಳಿದರೆ ಕಾಲು ಮೇಡಂ ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತ, ಬಾಲ್ಕನಿಯಿಂದ ಕಣ್ಣು ಕೀಳದೆ ಹೇಳುತ್ತಾರೆ:

"ಅವಳಿಗೆ ಮೊದಲನೇ ತಿಂಗಳೇ ನನಗಿಂತ ಜಾಸ್ತಿ ಸಂಬಳ ಬರಲಿ. ನನಗೆ ಉರಿಯುತ್ತೆ. ಉರೀಲಿ ಬಿಡಿ, ಅಭ್ಯಾಸ ಇದೆ."