ಚಂದ್ರಾಬಾಯಿ ಅಳಿಸಿದ ಊರು

ಸೋನ್ಯಾಳದ ಚಂದ್ರಾಬಾಯಿಯ ಮನೆಯಿಂದ ಮಳೆಗಾಲ ಮುಗಿಯುತ್ತಲೇ ಕುರಿಹಿಂಡು ಕೃಷ್ಣಾ ದಂಡೆಯ ಕಡೆ ಹೊರಡುತ್ತದೆ. ಗಂಡಸರ ಜೊತೆ ಮನೆಯ ಒಬ್ಬ ಹೆಂಗಸು ಹೋಗಲೇಬೇಕು. ರೊಟ್ಟಿ ಬಡಿಯುವುದು, ಈದ ಕುರಿಯನ್ನೂ ಎಳೆಮರಿಯನ್ನೂ ನೋಡಿಕೊಳ್ಳುವುದು ಅವಳ ಪಾಲು. ಇನ್ನೊಬ್ಬಳು ಊರಲ್ಲಿ ಉಳಿದು ಮನೆ, ಹೊಲ ನೋಡಬೇಕು. ಒಂದು ವರ್ಷ ಚಂದ್ರಾಬಾಯಿ, ಮರುವರ್ಷ ಅವಳ ಓರಗಿತ್ತಿ ಬಾಳಾಬಾಯಿ. ಅದಕ್ಕೆ ಅವರು ಪಾಳಿ ಎನ್ನುತ್ತಾರೆ. ಜಗಳವಾದರೂ, ಜ್ವರ ಬಂದರೂ ಆ ಮನೆಯಲ್ಲಿ ಪಾಳಿ ತಪ್ಪಿರಲಿಲ್ಲ.

ಕಳೆದ ವರ್ಷ ಪಾಳಿ ಚಂದ್ರಾಬಾಯಿಯದು. ಅದೇ ಹೊತ್ತಿಗೆ ಯುರೋಪಿನ ರಾಟರ್‌ಡ್ಯಾಮ್ ಎಂಬ ಊರಿನಿಂದ ಕರೆ ಬಂತು. ಅಲ್ಲೊಂದು ಉಣ್ಣೆಯ ಮೇಳ. ಕರಿ ಉಣ್ಣೆ ನೂಲುವ ಹೆಂಗಸೊಬ್ಬಳು ಬೇಕು. ನಮ್ಮ ಬಚತ್ ಗಟದಲ್ಲಿ, ಅಂದರೆ ಹೆಂಗಸರ ಉಳಿತಾಯ ಸಂಘದಲ್ಲಿ, ಚಂದ್ರಾಬಾಯಿಯಷ್ಟು ಸಣ್ಣ ನೂಲು ತೆಗೆಯುವವರು ಬೇರೆ ಇಲ್ಲ. ನಾನು ಪುಣೆಯಲ್ಲಿ ಓದಿ ಈ ಊರಿಗೆ ಸೊಸೆಯಾಗಿ ಬಂದವಳು. ಇಂಗ್ಲಿಷ್ ಬರುತ್ತದೆಂದು ನನ್ನನ್ನೇ ಜೊತೆಗೆ ಕಳಿಸುವುದೆಂದಾಯಿತು. ಒಂದೂವರೆ ವರ್ಷದ ಮಗಳು ಪ್ರಾಜಕ್ತಾಳನ್ನು ಅತ್ತೆಯ ಕೈಗೆ ಒಪ್ಪಿಸಿದೆ. ಹೊರಡುವಾಗ ಮಗು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪಾಳಿಯ ತೊಡಕು ಬಿಡಿಸಿದವಳು ಬಾಳಾಬಾಯಿ.

"ನೀ ಹೋಗ ಚಂದ್ರಿ. ಕುರಿ ಹಿಂದ ನಾ ಹೋಗ್ತೀನಿ."

"ನಿನ್ನ ಮಗಳು ಬಸುರಿ ಅದಾಳಲ್ಲಕ್ಕಾ. ಪ್ರಣಾಲಿ ಹೆರಿಗಿಗೆ ತಾಯಿ ಬ್ಯಾಡೇನು?"

"ಹೆರಿಗಿ ಇನ್ನ ದೂರ ಐತಿ. ಅಷ್ಟರಾಗ ಬಂದು ನನ್ನ ಬಿಡಿಸಿ ಕಳಸು. ಆ ಊರು ಹೆಂಗೈತಿ ಅಂತ ಪೋಟೋ ಮಾತ್ರ ಹೊಡ್ಕೊಂಡ ಬಾ. ಇಲ್ಲಂದ್ರ ಅಲ್ಲೇ ಇದ್ದುಬಿಡ, ಯಾರರ ಬಿಳೆ ಸಾಹೇಬನ ಗಂಟ ಬೀಳ!"

ಮೇಳ ಚೆನ್ನಾಗಿಯೇ ಆಯಿತು. ಕೊನೆಯ ದಿನ ಬಿಡುವಿತ್ತು. ಊರನ್ನೆಲ್ಲ ಮೇಲಿನಿಂದ ನೋಡುವ ಗೋಪುರ ಹತ್ತಿದೆವು. ಕೆಳಗೆ ಅಗಲವಾದ ನದಿ, ದಂಡೆಯುದ್ದಕ್ಕೂ ಗಾಜಿನ ಕಟ್ಟಡಗಳು. ಒಂದರ ಮೈಯಲ್ಲಿ ಇನ್ನೊಂದು ಕಾಣುತ್ತಿತ್ತು, ಎರಡರಲ್ಲೂ ಮೋಡ ಸರಿಯುತ್ತಿತ್ತು. ನಾನು ಫೋನು ಹೊರಗೆ ತೆಗೆಯಲೇ ಇಲ್ಲ. ಮನೆಯಿಂದ ಕರೆ ಬಂದಾಗ ಚಾರ್ಜ್ ಇಲ್ಲದಿದ್ದರೆ?

ಚಂದ್ರಾಬಾಯಿ ಮಾತ್ರ ಮಗ ಕೊಟ್ಟಿದ್ದ ಫೋನು ಹಿಡಿದು, ಮೊಣಕೈಯನ್ನು ಕಂಬಿಗೆ ಒತ್ತಿ, ಕಟ್ಟಡಗಳ ಸಾಲು ಪೂರ್ತಿ ಹಿಡಿಸುವವರೆಗೆ ಹಿಂದೆ ಮುಂದೆ ಸರಿದು ಚಿತ್ರ ತೆಗೆಯುತ್ತಿದ್ದಳು.

"ಬಾಯಾರ, ಆ ತುದಿ ಮನ್ಯಾಗಿದ್ದಾಕಿ ಹಪ್ಪಳಾ ಎಲ್ಲಿ ಒಣಗಸ್ತಾಳ್ರಿ?"

"ಗೊತ್ತಿಲ್ರಿ ಚಂದ್ರಕ್ಕ. ನಿಮ್ದೊಂದು ತೆಗೀಲೇನು?"

"ನಂದ್ಯಾಕ್ರಿ? ನನ್ನ ಮಾರಿ ನೋಡಿ ನೋಡಿ ಅಕ್ಕ ಬ್ಯಾಸತ್ತಾಳ. ಊರು ಬೇಕಂದಾಳ ಅಕಿ."

ಆಗ ನನ್ನ ಫೋನು ರಿಂಗಣಿಸಿತು. ಅತ್ತೆ! ತಟ್ಟನೆ ಎತ್ತಿದೆ. ಸುದ್ದಿ ಹೆರಿಗೆಗೆ ತವರಿಗೆ ಬಂದಿದ್ದ ಪ್ರಣಾಲಿಯದು. ದಿನ ತುಂಬುವ ಮೊದಲೇ ನೋವು ಬಂದು, ಮನೆಯಲ್ಲಿ ಯಾರೂ ಇಲ್ಲದೆ, ನೆರೆಯವರು ಜತ್ತಿನ ಆಸ್ಪತ್ರೆಗೆ ಕರೆದೊಯ್ದಿದ್ದರು. ಗಂಡು ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಬಾಳಾಬಾಯಿ ಮರಿ ಹಾಕುವ ಕುರಿಗಳನ್ನು ಬಿಟ್ಟು ಬರುವ ಹಾಗಿರಲಿಲ್ಲ. ನನ್ನ ಮಗುವಿಗೆ ಏನೂ ಆಗಿಲ್ಲವೆಂದು ಮೊದಲು ನನಗೆ ಸಮಾಧಾನವಾಯಿತು. ಎದುರಿಗೆ ಚಂದ್ರಾಬಾಯಿ ನಿಂತಿದ್ದಾಗ ಹಾಗನಿಸಿತಲ್ಲ ಎಂದು ಈಗಲೂ ಕಸಿವಿಸಿಯಾಗುತ್ತದೆ.

ಸುದ್ದಿ ಹೇಳಿದಾಗ ಅವಳು ಅಲ್ಲೇ ನೆಲದ ಮೇಲೆ ಕುಳಿತಳು.

"ಮಗಳ ಬಾಜೂ ಇರಬೇಕಾದಾಕಿನ್ನ ಕುರಿ ಹಿಂದ ಕಳಿಸಿ, ನಾ ಇಲ್ಲಿ ಗೋಪುರ ಏರಿ ನಿಂತೀನಿ ನೋಡ್ರಿ."

ಟ್ರಾಮಿನಲ್ಲಿ ತಿರುಗಿ ಬರುವಾಗ ಅವಳು ಒಂದೊಂದೇ ಚಿತ್ರ ಅಳಿಸುತ್ತಿದ್ದಳು.

"ಯಾಕ್ರಿ ಚಂದ್ರಕ್ಕ?"

"ಅಕಿ ಮಗಳು ಒದ್ದಾಡೂ ಹೊತ್ತಿನ್ಯಾಗ ತಗದದ್ದು ಇದು. ಯಾವ ಮಾರಿಲೆ ತೋರಸ್ಲಿ? ಅಳಿಸಿದ್ದು ಫೋನಿನ್ಯಾಗ ಮತ್ತೆಲ್ಲರ ಉಳೀತೈತೇನ್ರಿ? ಅದನ್ನೂ ತಗದ ಒಗೀರಿ."

ಉಳಿಯುತ್ತಿತ್ತು. ಅದನ್ನೂ ತೆಗೆದುಕೊಟ್ಟೆ. ಬೇಡ ಎನ್ನುವ ಬಾಯಿ ನನಗೂ ಇರಲಿಲ್ಲ.

ಮುಂಬಯಿಯಲ್ಲಿ ಇಳಿದ ಚಂದ್ರಾಬಾಯಿ ಸೋನ್ಯಾಳಕ್ಕೆ ಬರಲಿಲ್ಲ, ಗಾಡಿ ಮಾಡಿಕೊಂಡು ನೇರ ಹಿಂಡಿಗೇ ಹೋದಳು. ಬಾಳಾಬಾಯಿಯನ್ನು ಅದೇ ಗಾಡಿಯಲ್ಲಿ ಕರೆತರಬೇಕೆಂದು ನಾನೂ ಹೋದೆ. ಕಬ್ಬು ಕಡಿದ ಹೊಲದಲ್ಲಿ, ಬಲೆ ಕಟ್ಟಿದ ಕುರಿಹಟ್ಟಿಯ ಪಕ್ಕ, ಬಾಳಾಬಾಯಿ ಮರಿಯೊಂದನ್ನು ತಾಯಿಯ ಕೆಚ್ಚಲಿಗೆ ಹಚ್ಚುತ್ತಿದ್ದಳು. ಓರಗಿತ್ತಿಯನ್ನು ಕಂಡದ್ದೇ ಎದ್ದಳು.

"ಅಳಬ್ಯಾಡ ಹುಚ್ಚಿ. ಕೂಸು ಪೆಟಗಿಯಿಂದ ಹೊರಗ ಬಂದೈತಂತ, ಫೋನ್ ಬಂದಿತ್ತು. ಪೋಟೋ ತಗಿ ಮೊದ್ಲ."

ಚಂದ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಲ್ಲಕ್ಕಾ. ಅಳಿಸಿಬಿಟ್ನಿ."

"ಎಲ್ಲಾ?"

"ಎಲ್ಲಾ. ನಿನಗ ತೋರ್ಸಾಕ ಧೈರ್ಯ ಆಗ್ಲಿಲ್ಲ."

ಬಾಳಾಬಾಯಿ ಕೈಯ ಹಾಲನ್ನು ಸೀರೆಗೆ ಒರೆಸಿಕೊಂಡಳು.

"ಮಗಳ ಹಂಬಲಾ ಹತ್ತಿದಾಗೆಲ್ಲಾ, ಚಂದ್ರಿ ಊರು ನೋಡಾಕ ಹತ್ತಿರಬೇಕು, ಬಂದು ತೋರಸ್ತಾಳು ಅಂದ್ಕೋತ ಕುಂತಿದ್ನಿ. ಅದನ್ನೂ ನೀಗಿಸಿ ಬಂದ್ಯಾ?"

"ಬಾಯಿಲೆ ಹೇಳ್ತೀನಿ ಕುಂದ್ರಕ್ಕಾ. ಭಾಳ ಎತ್ತರ ಮನಿ. ಒಂದ ಮನ್ಯಾಗ ಇನ್ನೊಂದ ಮನಿ ಕಾಣ್ತೈತಿ…"

"ಕುರಿ ಇದ್ವೇನು?"

"ಇದ್ವು. ರೈಲಿನ್ಯಾಗಿಂದ ಕಂಡ್ವು. ಕಾಯಾಂವ ಒಬ್ಬಾಂವನೂ ಇರ್ಲಿಲ್ಲ."

"ಏ, ಹೋಗ! ಕಾಯಾಂವ ಇಲ್ಲದ ಕುರಿ ಇರ್ತಾವೇನು? ಪೋಟೋ ಇದ್ದಿದ್ರ ನಂಬತಿದ್ನಿ." ಹಾಗೆಂದವಳೇ ಗಾಡಿ ಹತ್ತಿದಳು.

ಈ ವರ್ಷ ಪಾಳಿ ಬಾಳಾಬಾಯಿಯದು. ಆದರೆ ಯಾರನ್ನೂ ಕೇಳದೆ ಚಂದ್ರಾಬಾಯಿಯೇ ಹಿಂಡಿನ ಜೊತೆ ಹೋಗಿಬಿಟ್ಟಿದ್ದಾಳೆ. ಮೊನ್ನೆ ಬಾಳಾಬಾಯಿ ಮೊಮ್ಮಗನನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು, ನನ್ನ ಫೋನಿನಿಂದ ಮಾತಾಡಿದಳು.

"ಲಗೂನ ಬಾ. ನನ್ನ ಪಾಳಿ ನನಗ ಕೊಡ."

"ಇರ್ಲಿ ಬಿಡಕ್ಕಾ. ನೀ ಕೂಸಿನ ಕೂಡ ಇರ."

"ಎಷ್ಟ ವರ್ಷ ಇರ್ಲಿ ಚಂದ್ರಿ?"

"ಮರಿ ಕೂಗಾಕ ಹತ್ಯಾವಕ್ಕಾ," ಎಂದು ಚಂದ್ರಾಬಾಯಿ ಫೋನಿಟ್ಟಳು. ಬಾಳಾಬಾಯಿ ಫೋನನ್ನು ನನ್ನ ಕೈಗಿಟ್ಟಳು.

"ಪೋಟೋ ಸಲುವಾಗಿ ನಾ ಅಷ್ಟ ಅನ್ನಬಾರದಿತ್ತು. ಈಗ ನೋಡ್ರಿ ಬಾಯಾರ, ಅಕಿ ಅಲ್ಲಿ ಬಿಸಿಲಾಗ ಇದ್ದಷ್ಟ ದಿನಾನೂ ತಪ್ಪು ನಂದ."