ಆಕ್ಷನ್ನಿಗೆ ಮುಂಚೆ ಅಲ್ಲಿ ಗೋಡೆ ಇತ್ತೇ?

ನಿಮ್ಮ ಮನೆಯ ಹಿರಿಯರನ್ನು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, ತಾರೀಖು ಬಿಟ್ಟು, "ಆಕ್ಷನ್ ಆದಾಗ ನಾ ಇಷ್ಟೆತ್ತರ ಇದ್ದೆ" ಎಂದು ಕೈ ಎತ್ತಿ ತೋರಿಸಿದ್ದಾರೆಯೇ? ಈಗ ತೆಲಂಗಾಣಕ್ಕೆ ಸೇರಿದ ನಮ್ಮ ನಾರಾಯಣಪೇಟೆಯಲ್ಲಿ ಮನೆ ಮನೆಗೂ ಇದೇ ಕತೆ. ನಿಜಾಮನ ಹೈದರಾಬಾದಿಗೆ ಭಾರತದ ಸೈನ್ಯ ನುಗ್ಗಿದ್ದೇ ಪೊಲೀಸ್ ಆಕ್ಷನ್; ಅದರಲ್ಲಿ 'ಪೊಲೀಸ್' ಎಂದೋ ಉದುರಿಹೋಗಿ ಬರೀ ಆಕ್ಷನ್ ಉಳಿದಿತ್ತು. ಅಜ್ಜಿಯ ಮದುವೆ ಆಕ್ಷನ್ನಿಗೆ ಎರಡು ವರ್ಷ ಮೊದಲು, ಮನೆಗೆ ಮಾಳಿಗೆ ಹಾಕಿಸಿದ್ದು ಆಕ್ಷನ್ ಆದ ಮೇಲೆ. ನಿಜಾಮನ ರಾಜ್ಯ ಮುಗಿದದ್ದು ಯಾವ ಇಸವಿಯಲ್ಲಿ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅವಳ ಯಾವ ಕೆಲಸವೂ ನಿಂತಿರಲಿಲ್ಲ.

ಶಾಲೆಗೆ ಹೋಗುವ ನಮ್ಮ ಬಾಯಲ್ಲಿ ಆ ಪದಕ್ಕೆ ಬೇರೆ ಕೆಲಸಗಳಿದ್ದವು. ಮಕ್ತಲದ ಟಾಕೀಸಿಗೆ ಹೊಡೆದಾಟದ ಚಿತ್ರ ಬಂದರೆ ಅದು ಆಕ್ಷನ್ ಸಿನಿಮಾ. ಗದ್ವಾಲದ ಸೋದರತ್ತೆ ನಾಟಕ ನೋಡಿ ಬಂದು "ಏನ್ ಆಕ್ಷನ್ ಮಾಡಿದ್ನವ್ವಾ!" ಎಂದರೆ ಅದು ಹೊಗಳಿಕೆ. ಅದೇ ಅತ್ತೆ, ನಾನು ಹೊಟ್ಟೆನೋವೆಂದು ಮುಸುರೆ ತಿಕ್ಕದೆ ಮಲಗಿದರೆ, "ಸಾಕೇಳು, ಆಕ್ಷನ್ ಮಾಡಬ್ಯಾಡ" ಎಂದು ಹೊದಿಕೆ ಎಳೆಯುತ್ತಿದ್ದಳು. ಇನ್ನು ಯಾವುದೇ ಕಚೇರಿಯವರು ಆಕ್ಷನ್ ತಗೋತೀವಿ ಎಂದರೆ, ಮನೆಗೆ ಹೋಗಿ ಎಂದರ್ಥ. ಅಷ್ಟು ನನಗೆ ಆ ವಯಸ್ಸಿಗೇ ತಿಳಿದಿತ್ತು.

ನಾನಾಗ ಹತ್ತನೆಯ ತರಗತಿ. ಅಪ್ಪ ಸೀರೆ ನೇಯುತ್ತಿದ್ದ. ಮಗ್ಗ ಮನೆಯೊಳಗೆ ಇತ್ತು. ಆದರೆ ಮಗ್ಗಕ್ಕೇರುವ ಮೊದಲು ಹಾಸನ್ನು, ಅಂದರೆ ಸೀರೆಯ ಉದ್ದಕ್ಕೆ ಬರುವ ನೂಲನ್ನು, ಹೊರಗೆ ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಒಣಗಿಸಬೇಕು. ಹಾಸು ಕಟ್ಟಿದ ಬೆಳಿಗ್ಗೆ ಸೈಕಲ್ಲಿನವರು ಕೂಡ ಇಳಿದು ಗೋಡೆ ಹಿಡಿದುಕೊಂಡು ಹೋಗುತ್ತಿದ್ದರು. ಯಾರೂ ಒಂದು ಮಾತು ಆಡಿದವರಲ್ಲ.

ಪಕ್ಕದ ಮನೆಯ ಮಾವ ನೇಯ್ಗೆ ಬಿಟ್ಟು ಬಟ್ಟೆ ಅಂಗಡಿ ಇಟ್ಟಿದ್ದ. ಸಂಬಂಧದಲ್ಲಿ ಏನೂ ಅಲ್ಲ, ಬಾಯಿ ತುಂಬ ಮಾವ ಅಷ್ಟೆ. ಮಗನ ಮದುವೆ ಗೊತ್ತಾಗಿತ್ತು, ಒಂದು ಕೋಣೆ ಬೇಕಿತ್ತು. ಒಂದು ಬೆಳಿಗ್ಗೆ ನೋಡಿದರೆ ಅರ್ಧ ಓಣಿಗೆ ಅಡ್ಡಲಾಗಿ ಪಾಯ ತೋಡಿಸುತ್ತಿದ್ದಾನೆ!

"ಇದೇನ್ ಮಾವಾ, ಹಾಸು ಎಲ್ಲಿ ಎಳಿಯಾಣ?" ಎಂದ ಅಪ್ಪ.

"ಜಾಗ ನಮ್ದೈತೋ. ಆಕ್ಷನ್‌ಕಿಂತ ಮದ್ಲು ಇಲ್ಲಿ ನಮ್ಮ ಗ್ವಾಡಿ ಇತ್ತು. ಗದ್ದಲದಾಗ ಬಿತ್ತು. ನಮ್ಮಪ್ಪ ಮತ್ತ ಕಟ್ಟಸ್ಲಿಲ್ಲ."

ಇಲ್ಲವೆನ್ನೋಣವೆಂದರೆ ಅಪ್ಪ ಹುಟ್ಟಿದ್ದೇ ಆಕ್ಷನ್ ಆದಮೇಲೆ. ಗೋಡೆ ಎದ್ದರೆ ಹಾಸು ಎಳೆಯಲು ಜಾಗವಿಲ್ಲ. ಹಾಸಿಲ್ಲದಿದ್ದರೆ ಮಗ್ಗವಿಲ್ಲ. ಬೇರೆಯವರ ಮಗ್ಗಕ್ಕೆ ಕೂಲಿ ಹೋಗುವುದೊಂದೇ ದಾರಿ. ಆ ರಾತ್ರಿ ಅವ್ವ ರೊಟ್ಟಿ ಬಡಿದಳು, ಅಪ್ಪ ಮುಟ್ಟಲಿಲ್ಲ.

ಅರ್ಜಿ ಕೊಟ್ಟೆವು. ಹತ್ತು ದಿನಕ್ಕೆ ಪುರಸಭೆಯಿಂದ ಅಧಿಕಾರಿಯೊಬ್ಬರು ಬಂದರು. ಅಜ್ಜಿಗೆ ಪುರಸಭೆಯೆಂದರೆ ನಿಜಾಮನ ಕಾಲದ ಬಲ್ದಿಯಾ, ಅವರು ಕೊನೆಯವರೆಗೂ 'ಬಲ್ದಿಯಾದವ'. ಅವರ ಹತ್ತಿರ ಉರ್ದುವಿನಲ್ಲಿ ಬರೆದ ಹಳೆಯ ನಕ್ಷೆ ಇತ್ತು. ನಮ್ಮ ಓಣಿ ಇರಬೇಕಾದ ಮೂಲೆಯನ್ನೇ ಗೆದ್ದಲು ತಿಂದಿತ್ತು. ಆಗಿನ ಕಾಲ ಕಂಡವರು ಯಾರಿದ್ದಾರೆ ಎಂದು ಕೇಳಿದರು. ಓಣಿಯಲ್ಲಿ ಉಳಿದವರು ಇಬ್ಬರೇ: ನಮ್ಮಜ್ಜಿ, ಮಾವನ ತಾಯಿ. ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ ಸೊಸೆಯರಾಗಿ ಬಂದವರು.

ಅಧಿಕಾರಿ ಅಜ್ಜಿಯ ಕಡೆ ತಿರುಗಿ ತೆಲುಗಿನಲ್ಲಿ, "ಅಮ್ಮಾ, ಇಕ್ಕಡ ಗೋಡ ಉಂಡೆನಾ?" ಎಂದರು. ಇಲ್ಲಿ ಗೋಡೆ ಇತ್ತೇ?

ಅಜ್ಜಿ ಒಂದೇ ಮಾತು ಆಡಿದಳು: "ಇದ್ದಿಲ್ರಿ. ಹೆಂಗ ಇದ್ದಿಲ್ಲ ಅಂತ ಆಕಿನ್ನ ಕೇಳ್ರಿ."

ಅಪ್ಪ ತಲೆ ಚಚ್ಚಿಕೊಂಡ. "ಅವ್ವಾ, ಆಕಿ ಮಗನ ಬಿಟ್ಟು ನಮ್ಮ ಕಡಿ ಮಾತಾಡ್ತಾಳ? ನಿನಗ ಗೊತ್ತಿದ್ರ ನೀನಾ ಹೇಳು."

ಅಜ್ಜಿ ಮಾವನ ಮನೆಯ ಬಾಗಿಲ ಕಡೆಗೇ ಬೆರಳು ತೋರಿಸಿದಳು. ನನಗೂ ಅವಳ ಮೇಲೆ ಸಿಟ್ಟು ಬಂತು. ಮಗ್ಗ ಹೋಗುವ ಹೊತ್ತಿನಲ್ಲಿ ಇದೆಂಥ ಬಿಗುಮಾನ!

ಮಾವನ ತಾಯಿಯನ್ನು ಹೊರಗೆ ಕರೆದರು. ಮುದುಕಿ ಬಾಗಿಲ ಚೌಕಟ್ಟು ಹಿಡಿದು ನಿಂತು ಪಾಯವನ್ನು ನೋಡಿದಳು. ಆಮೇಲೆ ನಮ್ಮಜ್ಜಿಯನ್ನು.

"ಗ್ವಾಡಿ ಇದ್ದಿಲ್ರಿ ಸಾಹೇಬ್ರ."

"ಅವ್ವಾ, ನಿನಗ ನೆಪ್ಪಿಲ್ಲ. ಒಳಗ ನಡಿ," ಎಂದ ಮಾವ.

"ನೆಪ್ಪೈತಿ. ಫೌಜ್ ಬಂತಂತ ಗಂಡಸರೆಲ್ಲಾ ಊರ ನಡುವಿನ ಚೌರಾಸ್ತಾಕ ಓಡಿದ್ರು. ಓಣ್ಯಾಗ ಹಾಸು ಕಟ್ಟಿದ್ದು ಹಂಗಾ ಇತ್ತು. ನಾ ನೀರಿನ ಕೊಡ ಹೊತ್ತು ಬರಾಕತ್ತಿದ್ದೆ. ಈಗ ನೀ ತೋಡ್ಸೀಯಲ್ಲ, ಅಲ್ಲೇ ಕುಂತುಬಿಟ್ಟೆ. ಏಳಾಕ ಆಗ್ಲಿಲ್ಲ."

"ಸಾಕು ಬಿಡು. ಮಂದಿ ಮುಂದ ಓವರ್ ಆಕ್ಷನ್ ಮಾಡಬ್ಯಾಡ."

"ನೀ ಬಾಯಿ ಮುಚ್ಚು. ಒಳಗಿನ ಕ್ವಾಣ್ಯಾಗ ಹುಟ್ಟೀನಿ ಅಂತ ತಿಳ್ಕೊಂಡೀಯಲ್ಲ, ಅದು ನಮ್ಮತ್ತಿಗೆ ಹೇಳಿದ ಸುಳ್ಳು. ನೀ ಹುಟ್ಟಿದ್ದು ಇಲ್ಲಿ, ಈ ಮಣ್ಣಾಗ. " ನಮ್ಮಜ್ಜಿಯ ಕಡೆ ಕೈ ತೋರಿಸಿದಳು. "ಈಕಿ ಹಾಸಿನ ಮ್ಯಾಲ ಎರಡು ಸೀರಿ ಇಳಿಬಿಟ್ಟು ಮರೆ ಮಾಡಿದ್ಲು. ಗ್ವಾಡಿ ಇದ್ದಿದ್ರ ನನ್ನ ಮಾನ ಮುಚ್ಚಾಕ ಸೀರಿ ಯಾಕ ಬೇಕಾಗ್ತಿತ್ತು?"

ಸೊಸೆ ಬೀದಿಯಲ್ಲಿ ಹಡೆದಳು ಎಂದರೆ ಆ ಕಾಲದಲ್ಲಿ ಅತ್ತೆ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೇ ನಮ್ಮಜ್ಜಿ ಬಾಣಂತಿಯನ್ನೂ ಕೂಸನ್ನೂ ಒಳಗೆ ಮಲಗಿಸಿ, ಗಂಡಸರೂ ನೆರೆಯೂರಿಗೆ ಹೋಗಿದ್ದ ಆ ಅತ್ತೆಯೂ ಬರುವಷ್ಟರಲ್ಲಿ ಓಣಿ ತೊಳೆದಿದ್ದಳು; ಕೋಣೆಯಲ್ಲೇ ಹೆರಿಗೆಯಾಯಿತೆಂದು ಇಬ್ಬರೂ ಹೇಳಿದ್ದರು. ಅಷ್ಟು ವರ್ಷ ಗಂಡನಿಗೂ ಹೇಳದ ಮಾತನ್ನು ಆ ಮುದುಕಿ ಹತ್ತಾರು ಜನರ ಮುಂದೆ, ಬೀಗರಾಗಲಿರುವವರ ಊರಿನವರೊಬ್ಬರ ಮುಂದೆಯೂ ಆಡಿಬಿಟ್ಟಿದ್ದಳು.

ಆಗ ನಮ್ಮಜ್ಜಿ ಬಾಯಿ ತೆರೆದಳು. "ಕೊಡ ನಂದಿತ್ರಿ ಸಾಹೇಬ್ರ. ಅದನ್ನೂ ಒಡದ್ಲು."

ಮೊದಲು ನಕ್ಕವಳು ಮಾವನ ತಾಯಿ. ಆಮೇಲೆ ಓಣಿಯೆಲ್ಲ ನಕ್ಕಿತು.

ಅಧಿಕಾರಿ ಏನೋ ಬರೆದು, ಇಂಗ್ಲಿಷ್ ಓದಲು ಬರುತ್ತದೆಯೇ ಎಂದು ಕೇಳಿ ನನಗೇ ಕಾಗದ ಕೊಟ್ಟರು. ಕಟ್ಟಡಕ್ಕೆ ಅನುಮತಿ ಇಲ್ಲ, ಪಾಯ ಮುಚ್ಚಿದರೆ 'ನೋ ಆಕ್ಷನ್' ಎಂದಿತ್ತು. ನಾನು ಗಟ್ಟಿಯಾಗಿ ಓದಿದೆ. ಅಜ್ಜಿ ಸೆಟೆದು ನಿಂತಳು: "ಏನಂದ? ಆಕ್ಷನ್ನಾ ಆಗಿಲ್ಲಂತ ಬರದಾನ? ನಾವಿಬ್ಬರೂ ಸುಳ್ಳು ಹೇಳ್ತೀವಾ?" ಮಾವನ ಮೇಲೆ ಕೇಸು ಹಾಕುವುದಿಲ್ಲ ಎಂದರ್ಥ ಎಂದು ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು.

ಮಾವ ಯಾರ ಮುಖವನ್ನೂ ನೋಡದೆ ಅಂಗಡಿಗೆ ಹೋದ. ಮರುದಿನ ಕೂಲಿಯವರು ಬಂದರು, ಅವರನ್ನು ವಾಪಸು ಕಳಿಸಿ ತಾನೇ ಸಲಿಕೆ ಹಿಡಿದು ಪಾಯ ಮುಚ್ಚಿದ. ಮಗನ ಕೋಣೆ ಮಾಳಿಗೆಯ ಮೇಲೆ ಎದ್ದಿತು. ಮದುವೆ ನಿಲ್ಲಲಿಲ್ಲ. ತಾಯಿಯೊಡನೆ ಒಂದು ವಾರ ಮಾತಾಡಲಿಲ್ಲವಂತೆ. ಆಮೇಲೆ ಅವಳ ಹತ್ತಿರ ಕುಳಿತು, ತಾನು ಹುಟ್ಟಿದಾಗ ಯಾರು ಯಾರು ಇದ್ದರು ಎಂದು ಕೇಳಿದನಂತೆ.

ನಾನು ಅಜ್ಜಿಯನ್ನು ಬಿಡಲಿಲ್ಲ. "ನಿನಗೆಲ್ಲಾ ಗೊತ್ತಿತ್ತಲ್ಲ, ನೀನಾ ಹೇಳಿದ್ರ ಏನಾಗ್ತಿತ್ತು? ಆಕಿ ಸುಮ್ನಿದ್ದಿದ್ರ ಮಗ್ಗ ಹೋಗ್ತಿತ್ತಲ್ಲ?"

"ಹೋಗ್ತಿತ್ತು," ಎಂದಳು ಅಜ್ಜಿ. "ಹಡದಾಕಿ ಆಕಿ. ಆಕಿ ಮಾತು ನಾ ಹೆಂಗ ಆಡ್ಲಿ?"

ನಿಮ್ಮ ಓಣಿಯಲ್ಲೂ ಹೀಗೆ ಹಾಸಿಗೋ, ರಾಶಿಗೋ, ಹಪ್ಪಳಕ್ಕೋ ಎಲ್ಲರದ್ದಾಗಿ ಉಳಿದ ಜಾಗ ಇರಬಹುದು. ಯಾರ ಮಾತಿನಿಂದ ಅದು ಉಳಿಯಿತು, ಆ ಮಾತಿಗೆ ಅವರು ಏನು ತೆತ್ತರು? ಗೊತ್ತಿದ್ದರೆ ಕೆಳಗೆ ಬರೆಯಿರಿ. ಉದ್ದವಾದರೂ ಚಿಂತೆಯಿಲ್ಲ, ಕೂತು ಓದುತ್ತೇನೆ.