ಬಾಯಿಗೆ ಹೋಗದ ವೀಳ್ಯ

ನಾನು ಹರವೆಯಿಂದ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದ ಮರುವರ್ಷ ಮಾವನವರು ಪುರಸಭೆಗೆ ಗೆದ್ದರು. ಖಾದಿ ಪಕ್ಷದವರು. ಸದಸ್ಯರು ಕೈ ಎತ್ತಿ ಅಧ್ಯಕ್ಷರನ್ನು ಆರಿಸಬೇಕು. ಮಾವನವರಿಗೆ ಇನ್ನೆರಡು ಕೈ ಬೇಕಿತ್ತು. ಆ ಎರಡು ಕೈ ಇದ್ದದ್ದು ಧರ್ಮದ ಪಕ್ಷದಲ್ಲಿ. ಈ ಊರಲ್ಲಿ ಸಾಬರಿಗೆ ಜಾಗವಿಲ್ಲ ಎಂದು ಭಾಷಣ ಮಾಡಿ ಗೆದ್ದವರು ಅವರು. ಅವರನ್ನು ಮಾವನವರು ಸಂತೆಮಾಳದಲ್ಲಿ ಬಾಯಿಗೆ ಬಂದಂತೆ ಬೈದದ್ದನ್ನು ನಾನೇ ಕೇಳಿದ್ದೆ.

ಅದೇ ಇಬ್ಬರು ಒಂದು ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಬೆಂಬಲ ಕೊಡುತ್ತಾರಂತೆ. ಬದಲಿಗೆ ಸಾಬರ ಬೀದಿಗೆ ಮಂಜೂರಾಗಿದ್ದ ನಲ್ಲಿಯನ್ನು ದೇವಸ್ಥಾನದ ಬೀದಿಗೆ ಹಾಕಿಸಬೇಕಂತೆ. ಅಲ್ಲಿ ಆಗಲೇ ಎರಡು ಬಾವಿಗಳಿದ್ದವು. ಸಾಬರ ಬೀದಿಯ ಹೆಂಗಸರು ಕೆರೆಯಿಂದ ನೀರು ಹೊರುತ್ತಿದ್ದರು. ಅವರು ತಟ್ಟೆಯಲ್ಲಿಟ್ಟು ಚಾಚಿದ ವೀಳ್ಯವನ್ನು ಮಾವನವರು ತೆಗೆದುಕೊಂಡರು. ಅದನ್ನು ಅಗಿದರೆ ಮಾತು ಕೊಟ್ಟಂತೆ; ನಮ್ಮ ಕಡೆ ಆಮೇಲೆ ಹಿಂದೆ ಸರಿಯುವಂತಿಲ್ಲ. ಸುಳ್ಳೇಕೆ, ನನಗೂ ಒಳಗೊಳಗೇ ಖುಷಿ. ಅಧ್ಯಕ್ಷರ ಸೊಸೆ ಯಾವ ಸೀರೆ ಉಡಬೇಕೆಂದು ಬಾಗಿಲ ಮರೆಯಲ್ಲಿ ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಗಂಡಸರು ಕೂತಲ್ಲಿಗೆ ಎಂದೂ ಬಾರದವರು ಬಂದು, ಮಾವನವರ ಮುಂದೆ ಅಂಗೈ ಒಡ್ಡಿದರು.

"ಕೊಡಿ ಇಲ್ಲಿ. ನಿಮ್ ಮೂರು ಮಕ್ಳುನ್ನೂ ಈ ಕೈಗೆ ಎತ್ಕೊಟ್ಟ ಸೂಲಗಿತ್ತಿ ಆ ಬೀದೀಲವ್ಳೆ. ಈ ವಯಸ್ಗೆ ಅವ್ಳು ಕೆರೆ ನೀರ್ ಒತ್ಕೊಂಡ್ ಬರ್ಬೇಕಾ?"

ಬಾಯಿಯ ಹತ್ತಿರ ಹೋಗಿದ್ದ ಎಲೆ ಅಲ್ಲೇ ನಿಂತಿತು. ಮಾವನವರು ಅದನ್ನು ಅತ್ತೆಯ ಕೈಗಿಟ್ಟರು. ಅತ್ತೆ ಅದನ್ನು ತಂದವರ ತಟ್ಟೆಗೇ ವಾಪಸು ಇಟ್ಟು, ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಸಾರಿಗೆ ಉಪ್ಪು ಎಷ್ಟು ಹಾಕಲಿ ಎಂದೂ ಗಂಡನನ್ನು ಕೇಳುವ ಹೆಂಗಸು ಇವರು ಎಂದುಕೊಂಡಿದ್ದೆ ನಾನು.

ಆ ವೀಳ್ಯವನ್ನು ಸಂಜೆಯೊಳಗೆ ಮಾವನವರ ಪಕ್ಷದ ಇನ್ನೊಬ್ಬರು ಅಗಿದರು, ಅಧ್ಯಕ್ಷರೂ ಆದರು. ನಲ್ಲಿ ದೇವಸ್ಥಾನದ ಬೀದಿಗೇ ಹೋಯಿತು. ಮಾವನವರು ಅತ್ತೆಯ ಜೊತೆ ಮಾತು ಬಿಟ್ಟರು.

ನಲ್ಲಿಗೆ ಪೂಜೆಯಾದ ದಿನ ಅತ್ತೆ ಹಿತ್ತಿಲ ಬಾಗಿಲು ತೆಗೆದು, ಸೂಲಗಿತ್ತಿಯನ್ನು ಕರೆದು ನಮ್ಮ ಬಾವಿ ತೋರಿಸಿದರು. ಲಿಂಗವಂತರ ಮನೆಯ ಬಾವಿಗೆ ಸಾಬರ ಬಿಂದಿಗೆ ಇಳಿದದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ಮರುದಿನ ಬೀದಿಗೆ ಬೀದಿಯೇ ಬಂತು. ಮಾವನವರು ಏನನ್ನುತ್ತಾರೋ ಎಂದು ನನಗೆ ಭಯ. ಅವರು ಹಿತ್ತಿಲಿಗೆ ಬಂದರು, ಬಿಂದಿಗೆಗಳ ಸಾಲು ನೋಡಿದರು, ಹೊರಟುಹೋದರು. ಮಧ್ಯಾಹ್ನ ಬಡಗಿಯನ್ನು ಕರೆತಂದು ಬಾವಿಗೆ ಇನ್ನೊಂದು ರಾಟೆ ಹಾಕಿಸಿದರು.